ಕಾಫಿ ಸಸಿಗೆ ತಾಮ್ರದ ಕಾಟ: ಪಟ್ಟಿ ಮೇಲಾ, ಸೂಜಿ ಮೇಲಾ?

ನಮ್ಮದು ಮೂಡಿಗೆರೆ ಹತ್ತಿರದ ಸಣ್ಣ ಕಾಫಿ ತೋಟ. ಎಲೆ ತುಕ್ಕು ರೋಗಕ್ಕೆ ಅಪ್ಪನ ಕಾಲದಿಂದಲೂ ಬೋರ್ಡೋ ದ್ರಾವಣ ಹೊಡೆಯುತ್ತಾ ಬಂದಿದ್ದೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಮೈಲುತುತ್ತದಲ್ಲಿ ಕಾಲು ಕೆಜಿಯಷ್ಟು ತಾಮ್ರವೇ ಇರುತ್ತದೆ. ತಾಮ್ರ ಕೊಳೆತು ಹೋಗುವುದಿಲ್ಲ, ಮಣ್ಣಲ್ಲೇ ಉಳಿಯುತ್ತದೆ. ಅದೇ ಮೇಲ್ಮಣ್ಣನ್ನು ಸಸಿ ಚೀಲಕ್ಕೂ ತುಂಬುತ್ತೇವೆ, ಅಲ್ವಾ? ಎಳೆ ಸಸಿಗೆ ಏನಾಗುತ್ತಿದೆಯೋ ಅನ್ನುವ ಚಿಂತೆ ನನಗೆ.

ಹಾಸನದಲ್ಲಿ ಕೆಮಿಸ್ಟ್ರಿ ಓದುತ್ತಿರುವ ಅಕ್ಕನ ಮಗಳು ರಜೆಗೆ ಬಂದಾಗ ಪೊಟೆನ್ಷಿಯೋಸ್ಟಾಟ್ ಎಂಬ, ವೋಲ್ಟೇಜ್ ಕೊಟ್ಟು ಹರಿಯುವ ಕರೆಂಟ್ ಅಳೆಯುವ ಅಂಗೈಯಗಲದ ಯಂತ್ರ ತಂದಳು. ಜೊತೆಗೆ ಎರಡು ಬಗೆಯ ಸೆನ್ಸರ್: ರಸದ ಹನಿ ಹಾಕಿ ನೋಡುವ ಪಟ್ಟಿ, ಗಿಡಕ್ಕೇ ಚುಚ್ಚುವ ಸೂಜಿ. ಆರು ಅರೇಬಿಕಾ ಸಸಿ ಆರಿಸಿಕೊಂಡೆವು. ಮೂರಕ್ಕೆ ಮೈಲುತುತ್ತದ ನೀರು, ಮೂರಕ್ಕೆ ಬರೀ ನೀರು.

ಪಟ್ಟಿ ನೋಡಲು ಶುಗರ್ ಟೆಸ್ಟಿನ ಪಟ್ಟಿಯ ಥರಾನೇ. ಹನಿಯಲ್ಲಿರುವ ಲೋಹವನ್ನು ಮೊದಲು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಆಮೇಲೆ ವೋಲ್ಟೇಜ್ ಏರಿಸುತ್ತಾ ಹೋದರೆ ಒಂದೊಂದು ಲೋಹ ಒಂದೊಂದು ವೋಲ್ಟೇಜಿನಲ್ಲಿ ಬಿಟ್ಟುಕೊಳ್ಳುತ್ತದೆ, ಗ್ರಾಫಿನ ಗೆರೆ ಅಲ್ಲಿ ಏಳುತ್ತದೆ. ಹಾಗಾಗಿ ಯಾವ ಲೋಹ ಅಂತ ಹೆಸರು ಹಿಡಿದು ಹೇಳಬಹುದು. ಮೊದಲ ದಿನ ಎಡವಿದೆವು. ಬಿಸ್ಮತ್ ಲೇಪದ ಪಟ್ಟಿ ಹಾಕಿದ್ದೆವು. ಸೀಸ, ಕ್ಯಾಡ್ಮಿಯಂಗೆ ಅದು ಒಳ್ಳೆಯದು. ಆದರೆ ತಾಮ್ರ, ಬಿಸ್ಮತ್ ಎರಡೂ ಹತ್ತಿರ ಹತ್ತಿರವೇ ಬಿಡುವುದರಿಂದ ಗೆರೆ ಕಲಸಿಹೋಯಿತು.

"ಮಾವ, ಇದಕ್ಕೆ ಚಿನ್ನದ ಪಟ್ಟಿನೇ ಬೇಕು" ಅಂದಳು.

ಅದನ್ನು ಹಾಕಿ, ಎಲೆ ರಸಕ್ಕೆ ಆಸಿಡ್ ಬೆರೆಸಿ ನೋಡಿದರೆ ಆರೂ ಸಸಿಯಲ್ಲಿ ಹೆಚ್ಚುಕಡಿಮೆ ಒಂದೇ! ತಾಮ್ರ ಬಹುಪಾಲು ಬೇರಲ್ಲೇ ಕೂರುತ್ತದೆ, ಎಲೆಗೆ ಏರುವುದು ಕಡಿಮೆ. ಕೊನೆಗೆ ಎರಡೂ ಕಡೆಯಿಂದ ಒಂದೊಂದು ಸಸಿ ಕಿತ್ತು ಬೇರು ಅರೆದೆವು. ಮೈಲುತುತ್ತ ಕುಡಿದದ್ದರ ಗೆರೆ ಗುಡ್ಡದ ಹಾಗೆ ಎದ್ದಿತು. ಆದರೆ ಸಸಿ ಹೋಯಿತು.

ಸೂಜಿ ತಾಮ್ರವನ್ನು ನೋಡುವುದೇ ಇಲ್ಲ. ಗಿಡಕ್ಕೆ ಸಂಕಟವಾದಾಗ ಒಳಗೆ ಹೆಚ್ಚುವ ಹೈಡ್ರೋಜನ್ ಪೆರಾಕ್ಸೈಡನ್ನು ನೋಡುತ್ತದೆ. ಕೂದಲಿನಂಥ ಸೂಜಿ, ತುದಿಗೆ ಪೆರಾಕ್ಸೈಡನ್ನು ಗುರುತಿಸುವ ಪ್ರಶ್ಯನ್ ನೀಲಿ ಎಂಬ ಬಣ್ಣದ ಲೇಪ. ಚುಚ್ಚಿದ ಗಾಯಕ್ಕೇ ಅಂಕಿ ಏರುವುದರಿಂದ ಒಂದು ರಾತ್ರಿ ಸುಮ್ನೆ ಬಿಟ್ಟೆವು. ಮಾರನೆಯ ಮಧ್ಯಾಹ್ನ ನೆರಳು ಬಲೆ ಸರಿದು ಬಿಸಿಲು ಬಿದ್ದಾಗ ಬರೀ ನೀರಿನ ಸಸಿಯಲ್ಲೂ ಏರಿತು. ಸಂಜೆಗೆ ಇಳಿಯಿತು. ಮೈಲುತುತ್ತದ ಸಸಿಯಲ್ಲಿ ಮಾತ್ರ ರಾತ್ರಿಯಾದರೂ ಇಳಿಯಲಿಲ್ಲ. ಆಗ ಎಲೆಗಳು ಹಚ್ಚಗೇ ಇದ್ದವು. ಕುಡಿ ಎಲೆ ಹಳದಿ ತಿರುಗಿದ್ದು ಎಷ್ಟೋ ದಿನದ ಮೇಲೆ, ಅದೂ ಕಬ್ಬಿಣದ ಕೊರತೆಯ ಹಾಗೇ ಕಾಣುತ್ತಿತ್ತು.

ಲ್ಯಾಬಿಗೆ ಕಳಿಸಿದರೆ ಅಂಕಿ ನಂಬಬಹುದು. ಆದರೆ ಅದು ಕೊಯ್ದ ದಿನದ ಲೆಕ್ಕ ಮಾತ್ರ.

ಬದುಕಿರುವ ಸಸಿಯ ಕಷ್ಟ ತಿಳಿಯಲು ನಾನು ಸೂಜಿಯನ್ನೇ ಆರಿಸುತ್ತೇನೆ. ಪಕ್ಕದಲ್ಲಿ ಬರೀ ನೀರಿನ ಸಸಿಗೂ ಒಂದು ಸೂಜಿ ಇರಲೇಬೇಕು, ಇಲ್ಲದಿದ್ದರೆ ಬಿಸಿಲನ್ನೇ ತಾಮ್ರ ಅಂದುಕೊಳ್ಳುತ್ತೇವೆ. ಚಿನ್ನದ ಪಟ್ಟಿಗಳನ್ನು ಎತ್ತಿಟ್ಟಿದ್ದೇನೆ. ಈ ಸಲ ಚೀಲ ತುಂಬುವ ಮುಂಚೆ ಮಣ್ಣನ್ನು ಆಸಿಡ್‌ನಲ್ಲಿ ನೆನೆಸಿ, ತಿಳಿ ಬಸಿದು ಆ ಪಟ್ಟಿಯಲ್ಲಿ ತಾಮ್ರ ನೋಡುತ್ತೇವೆ.