ರಾತ್ರಿ ಕುದುರೆಗೆ ಹೈಲೈನಾ, ಎಲೆಕ್ಟ್ರಿಕ್ ಬೇಲಿನಾ?

ಒಬ್ರೇ ಕುದುರೆ ಮೇಲೆ ದೂರ ಹೊರಟಿದ್ರೆ ಟೆಂಟ್ ಯಾವ್ದು ಅನ್ನೋದಕ್ಕಿಂತ ಮೊದ್ಲು ರಾತ್ರಿ ಕುದುರೆ ಎಲ್ಲಿರುತ್ತೆ ಅಂತ ಯೋಚ್ನೆ ಮಾಡಿ, ಅದು ಓಡೋದ್ರೆ ಪ್ರಯಾಣ ಅಲ್ಲಿಗೇ ನಿಂತ್ಹೋಗುತ್ತೆ. ಹೈಲೈನ್ ಅಂದ್ರೆ ಎರಡು ಗಟ್ಟಿ ಮರದ ಮಧ್ಯೆ ಸುಮಾರು 7 ಅಡಿ ಎತ್ತರದಲ್ಲಿ ಬಿಗಿಯಾಗಿ ಎಳೆದ ಹಗ್ಗ, ತೂಕ ಕಡ್ಮೆ, ಬ್ಯಾಟರಿ ಬೇಡ, ಆದ್ರೆ ತೊಗಟೆ ಹಾಳಾಗ್ದಂಗೆ ಮರಕ್ಕೆ ಅಗಲವಾದ ಪಟ್ಟಿ ಸುತ್ಬೇಕು, ಕಾಲು ಸಿಕ್ಕಾಕ್ಕೊಳ್ದಂಗೆ ಕುದುರೆನ ಆ ಹಗ್ಗಕ್ಕೆ ಕಟ್ಟೋ ಲೀಡ್ ರೋಪ್ ಗಿಡ್ಡ ಇಡ್ಬೇಕು, ಹಂಗಾಗಿ ಸರಿಯಾಗಿ ಮೇಯೋಕಾಗಲ್ಲ, ಸಂಜೆ ಬೆಳಿಗ್ಗೆ ನೀವೇ ಹಿಡ್ಕೊಂಡು ಮೇಯಿಸ್ಬೇಕು. ಎಲೆಕ್ಟ್ರಿಕ್ ಬೇಲಿ ಒಳಗೆ ಕುದುರೆ ಆರಾಮಾಗಿ ಮೇಯುತ್ತೆ, ಮರ ಇಲ್ದಿರೋ ಕಡೆನೂ ನಡಿಯುತ್ತೆ. ಆದ್ರೆ ಕಂಬ, ಕರೆಂಟ್ ಹರಿಯೋ ಟೇಪ್, ಅದಕ್ಕೆ ಕರೆಂಟ್ ಕೊಡೋ ಎನರ್ಜೈಸರ್ ಎಲ್ಲಾ ಹೊರ್ಬೇಕು ಅಷ್ಟೇ ಅಲ್ಲ, ಗಾಬರಿಯಾದ ಕುದುರೆನ ಅದು ತಡೆಯಲ್ಲ. ನನ್ ಪ್ರಕಾರ ಕಾಡಲ್ಲಿ ಹೈಲೈನ್, ಬಯಲಲ್ಲಿ ಬೇಲಿ. ಯಾವ್ದೇ ಆದ್ರೂ ಹೊರಡೋ ಮುಂಚೆ ಮನೆ ಹತ್ರಾನೇ ಕೆಲವು ರಾತ್ರಿ ಅಭ್ಯಾಸ ಮಾಡ್ಸಿ.