ಮ್ಯಾಟ್‌ಪ್ಲಾಟ್‌ಲಿಬ್‌ನ ಕಾಂಟೂರ್ ರೇಖೆಗಳು: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಹವಾಮಾನ ಮಾದರಿಗಳಿಂದ ಬರುವ ಒತ್ತಡ, ತಾಪಮಾನ, ಮಳೆ ಮೊದಲಾದ ದತ್ತಾಂಶಗಳನ್ನು ನಕ್ಷೆಗಿಳಿಸಲು ನಾನು ಹಲವು ವರ್ಷಗಳಿಂದ ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಅದರ ಎಲ್ಲ ಸೌಲಭ್ಯಗಳನ್ನೂ ಇಲ್ಲಿ ತೂಗಿ ನೋಡುವುದಿಲ್ಲ. ಕಾಂಟೂರ್ ರೇಖೆಗಳನ್ನು (ಒಂದೇ ಮೌಲ್ಯವಿರುವ ಬಿಂದುಗಳನ್ನು ಜೋಡಿಸುವ ಗೆರೆಗಳನ್ನು) ಎಳೆಯುವ, ಅವುಗಳ ನಡುವೆ ಬಣ್ಣ ತುಂಬುವ ಮತ್ತು ಅವುಗಳ ಮೇಲೆ ಅಂಕಿ ಬರೆಯುವ ಮೂರು ಫಂಕ್ಷನ್‌ಗಳಿಗೆ ಮಾತ್ರ ಈ ವಿಮರ್ಶೆ ಸೀಮಿತ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ರೇಖೆಯನ್ನು ಎಳೆಯುವ ವಿಷಯದಲ್ಲಿ ಈ ತಂತ್ರಾಂಶವನ್ನು ಕಣ್ಣುಮುಚ್ಚಿ ನಂಬಬಹುದು, ಆದರೆ ಯಾವ ಯಾವ ಮೌಲ್ಯಕ್ಕೆ ರೇಖೆ ಎಳೆಯಬೇಕೆಂಬ ತೀರ್ಮಾನವನ್ನು ಅದಕ್ಕೆ ಎಂದೂ ಬಿಡಬಾರದು.

ನರವಿಜ್ಞಾನದ ಸಂಶೋಧಕರಾಗಿದ್ದ ಜಾನ್ ಹಂಟರ್ ಅವರು ತಮ್ಮ ಸ್ವಂತ ಅಗತ್ಯಕ್ಕಾಗಿ ಆರಂಭಿಸಿದ ಈ ತಂತ್ರಾಂಶ 2003ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾಯಿತು. ಇದು ಉಚಿತ, ಇದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ. 2022ರಲ್ಲಿ ಬಂದ 3.6ನೆಯ ಆವೃತ್ತಿಯಿಂದ ಕಾಂಟೂರ್ ಲೆಕ್ಕಾಚಾರದ ಭಾಗ ಕಾಂಟೂರ್‌ಪೈ ಎಂಬ ಪ್ರತ್ಯೇಕ ಲೈಬ್ರರಿಗೆ ಹೋಗಿದೆ. ಸಾಮಾನ್ಯ ಬಳಕೆದಾರರಿಗೆ ಇದರಿಂದ ಹೊರನೋಟಕ್ಕೆ ಕಾಣುವ ವ್ಯತ್ಯಾಸವೇನೂ ಇಲ್ಲ. ರೇಖೆಗಳ ನಿರ್ದೇಶಾಂಕಗಳಷ್ಟೇ ಬೇಕು, ಚಿತ್ರ ಬೇಡ ಎನ್ನುವವರು ಆ ಲೈಬ್ರರಿಯನ್ನು ನೇರವಾಗಿ ಕರೆದುಕೊಳ್ಳಬಹುದು ಎಂಬುದು ಅದರ ಲಾಭ.

ಈಗ ಮಟ್ಟಗಳ, ಅಂದರೆ ರೇಖೆ ಎಳೆಯಬೇಕಾದ ಮೌಲ್ಯಗಳ ವಿಷಯಕ್ಕೆ ಬರೋಣ. ಲೆವೆಲ್ಸ್ ಎಂಬ ಆಯ್ಕೆಗೆ ಒಂದು ಪೂರ್ಣಾಂಕವನ್ನು ಕೊಟ್ಟರೆ, ಅದು ಬೇಕಾದ ರೇಖೆಗಳ ಸಂಖ್ಯೆಯೆಂದು ಹೊಸಬರು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಮಿತಿಯನ್ನು ಮಾತ್ರ ಸೂಚಿಸುತ್ತದೆ: 10 ಎಂದು ಕೊಟ್ಟರೆ, ದತ್ತಾಂಶದ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ನೋಡಿ, ನೋಟಕ್ಕೆ ಒಪ್ಪವಾದ 11ಕ್ಕೆ ಮೀರದ ಮಟ್ಟಗಳನ್ನು ತಂತ್ರಾಂಶವೇ ಆರಿಸಿಕೊಳ್ಳುತ್ತದೆ. ಒಂದೇ ಚಿತ್ರವಾದರೆ ಇದರಿಂದ ತೊಂದರೆಯಿಲ್ಲ. ಆದರೆ ಜನವರಿಯ ಮತ್ತು ಜುಲೈನ ತಾಪಮಾನದ ನಕ್ಷೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ, ಎರಡರ ವ್ಯಾಪ್ತಿಯೂ ಬೇರೆಯಾದ್ದರಿಂದ ಮಟ್ಟಗಳೂ ಬೇರೆಯಾಗುತ್ತವೆ. ಎಡಗಡೆ 18 ಡಿಗ್ರಿಯನ್ನು ಸೂಚಿಸುವ ಹಸಿರು ಬಣ್ಣ ಬಲಗಡೆ 26 ಡಿಗ್ರಿಯನ್ನು ಸೂಚಿಸಬಹುದು. ನೋಡುವವರ ಕಣ್ಣು ಬಣ್ಣವನ್ನು ಹೋಲಿಸುತ್ತದೆಯೇ ಹೊರತು ಯಾವ ಬಣ್ಣ ಯಾವ ಮೌಲ್ಯಕ್ಕೆಂದು ತೋರಿಸುವ ಪಕ್ಕದ ಕಲರ್‌ಬಾರ್‌ನ ಅಂಕಿಗಳನ್ನಲ್ಲ. ಆದ್ದರಿಂದ ಮಟ್ಟಗಳ ಪಟ್ಟಿಯನ್ನು ಒಮ್ಮೆ ಸಿದ್ಧಪಡಿಸಿ, ಅದೇ ಪಟ್ಟಿಯನ್ನು ಸರಣಿಯ ಪ್ರತಿಯೊಂದು ಚಿತ್ರಕ್ಕೂ ಕೊಡುವುದೇ ಸರಿ. ಹಾಗೆ ಕೊಟ್ಟಾಗ ಬಣ್ಣಗಳೂ ಆ ಪಟ್ಟಿಗೇ ಹೊಂದಿಕೊಂಡು ಸ್ಥಿರವಾಗುತ್ತವೆ, ಬೇರೆ ಯಾವ ಹೊಂದಾಣಿಕೆಯೂ ಬೇಕಾಗುವುದಿಲ್ಲ.

ಪಟ್ಟಿಯಲ್ಲಿ ಏನಿರಬೇಕೆಂಬುದನ್ನು ಆಯಾ ಕ್ಷೇತ್ರದ ರೂಢಿ ನಿರ್ಧರಿಸುತ್ತದೆ. ಸಮುದ್ರಮಟ್ಟದ ಒತ್ತಡದ ನಕ್ಷೆಗಳಲ್ಲಿ 4 ಹೆಕ್ಟೋಪಾಸ್ಕಲ್ ಅಂತರವೂ, ವಾಯುಮಂಡಲದಲ್ಲಿ ಒತ್ತಡ 500 ಹೆಕ್ಟೋಪಾಸ್ಕಲ್ ಇರುವ ಮೇಲ್ಮೈಯ ಎತ್ತರದ ನಕ್ಷೆಗಳಲ್ಲಿ 60 ಮೀಟರ್ ಅಂತರವೂ ಬಹಳ ಕಡೆ ಬಳಕೆಯಲ್ಲಿವೆ. ಇವುಗಳಿಗೆ ಒಗ್ಗಿದವರ ಮುಂದೆ ತಂತ್ರಾಂಶ ತಾನಾಗಿ ಆರಿಸಿದ 5ರ ಅಂತರದ ನಕ್ಷೆಯನ್ನಿಟ್ಟರೆ, ರೇಖೆಗಳ ದಟ್ಟಣೆಯಿಂದ ಗಾಳಿಯ ವೇಗವನ್ನು ಅಂದಾಜು ಮಾಡುವ ಅವರ ಅಭ್ಯಾಸವೇ ಕೈಕೊಡುತ್ತದೆ. ಮಾಲಿನ್ಯಕಾರಕಗಳ ಸಾಂದ್ರತೆಯಂತೆ ಹತ್ತರ ಹಲವು ಘಾತಗಳಷ್ಟು ಹರಡಿಕೊಂಡ ದತ್ತಾಂಶಕ್ಕೆ ಸಮಾನ ಅಂತರ ಹೊಂದುವುದಿಲ್ಲ. ಅಲ್ಲಿ 1, 3, 10, 30, 100 ಎಂಬಂತಹ ಮಟ್ಟಗಳ ಜೊತೆಗೆ ಲಾಗರಿದಮ್ ಆಧಾರಿತ ಬಣ್ಣದ ಅಳತೆಯನ್ನೂ ಕೊಡಬೇಕು. ಮಟ್ಟಗಳು ಏರಿಕೆಯ ಕ್ರಮದಲ್ಲಿಯೇ ಇರಬೇಕು, ಇಲ್ಲವಾದರೆ ದೋಷ ಸಂದೇಶ ಬರುತ್ತದೆ. ಪೈಥಾನ್‌ನ ಗಣಿತ ಲೈಬ್ರರಿಯಾದ ನಮ್‌ಪೈನ ಎರೇಂಜ್ ಫಂಕ್ಷನ್‌ನಿಂದ 0.1ರ ಅಂತರದ ಪಟ್ಟಿ ಮಾಡುವವರು, ಕೊನೆಯ ಮಟ್ಟ ಬಿಟ್ಟುಹೋಗುತ್ತದೆ ಮತ್ತು 0.3ರ ಜಾಗದಲ್ಲಿ 0.30000000000000004 ಕುಳಿತಿರುತ್ತದೆ ಎಂಬುದನ್ನು ನೆನಪಿಡಬೇಕು. ಇಂತಹ ಕಡೆ ಅದರದೇ ಲಿನ್‌ಸ್ಪೇಸ್ ಫಂಕ್ಷನ್ ಬಳಸಿದರೆ ಕೊನೆಯ ಮಟ್ಟ ಬಿಟ್ಟುಹೋಗುವ ಪ್ರಶ್ನೆಯೇ ಇಲ್ಲ.

ಬಣ್ಣ ತುಂಬುವ ಕಾಂಟೂರ್‌ಎಫ್ ಫಂಕ್ಷನ್‌ನ ನಡವಳಿಕೆಯಲ್ಲಿ ಎರಡು ಸೂಕ್ಷ್ಮಗಳಿವೆ. ಎರಡು ಮಟ್ಟಗಳ ನಡುವಿನ ಪಟ್ಟೆಯಲ್ಲಿ ಮೇಲಿನ ಮಟ್ಟ ಸೇರುತ್ತದೆ, ಕೆಳಗಿನದು ಸೇರುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ಪಟ್ಟೆ ಮಾತ್ರ ಇದಕ್ಕೆ ಹೊರತು, ಅದರಲ್ಲಿ ಎರಡೂ ಅಂಚುಗಳು ಸೇರುತ್ತವೆ. ಇದು ಪುಸ್ತಕದ ಮಾತಿನಂತೆ ಕೇಳಿಸಿದರೂ ಮಳೆಯ ನಕ್ಷೆಯಲ್ಲಿ ಕಣ್ಣಿಗೇ ರಾಚುತ್ತದೆ. ಮಟ್ಟಗಳನ್ನು 0ರಿಂದ ಆರಂಭಿಸಿದರೆ, ಹನಿ ಮಳೆಯೂ ಬೀಳದ ಪ್ರದೇಶವೆಲ್ಲ ಮೊದಲ ಬಣ್ಣದಿಂದ ತುಂಬಿಕೊಳ್ಳುತ್ತದೆ. 1, 5, 10, 20, 50, 100 ಮಿಲಿಮೀಟರ್ ಎಂದು ಕೊಟ್ಟು, ಮಟ್ಟಗಳ ಹೊರಗಿನ ಮೌಲ್ಯಗಳಿಗೂ ಬಣ್ಣ ಕೊಡುವ ಎಕ್ಸ್‌ಟೆಂಡ್ ಆಯ್ಕೆಯನ್ನು ಮ್ಯಾಕ್ಸ್ ಎಂದಿಟ್ಟರೆ ಒಣಪ್ರದೇಶ ಖಾಲಿಯಾಗಿ ಉಳಿಯುತ್ತದೆ, 100ಕ್ಕೂ ಮೀರಿದ ಮಳೆಗೆ ಪ್ರತ್ಯೇಕ ಬಣ್ಣ ಸಿಗುತ್ತದೆ, ಕಲರ್‌ಬಾರ್‌ನ ತುದಿಯೂ ಬಾಣದಂತೆ ಚೂಪಾಗಿ ಅದನ್ನು ಸೂಚಿಸುತ್ತದೆ.

ಎಕ್ಸ್‌ಟೆಂಡ್ ಕೊಡದೆ ಹಾಗೆಯೇ ಬಿಟ್ಟಾಗ ಆಗುವುದು ಇನ್ನೂ ಕೆಟ್ಟದ್ದು. ಅತ್ಯಂತ ಮೇಲಿನ ಮಟ್ಟವನ್ನು ದಾಟಿದ ಭಾಗಕ್ಕೆ ಯಾವ ಬಣ್ಣವೂ ಬೀಳುವುದಿಲ್ಲ. ದತ್ತಾಂಶವೇ ಇಲ್ಲದ ಜಾಗವೂ ಹಾಗೆಯೇ ಬಿಳಿಯಾಗಿ ಕಾಣುತ್ತದೆ. ಅಂದರೆ ಅತಿ ಹೆಚ್ಚು ಮಳೆ ಬಿದ್ದ ಸ್ಥಳವೂ ಅಳತೆಯೇ ನಡೆಯದ ಸ್ಥಳವೂ ಓದುಗರಿಗೆ ಒಂದೇ. ಇದರ ಬಗ್ಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ನಕ್ಷೆಯ ಹಿನ್ನೆಲೆಗೆ ತಿಳಿ ಬೂದುಬಣ್ಣ ಕೊಟ್ಟು, ಬೂದು ಎಂದರೆ ದತ್ತಾಂಶವಿಲ್ಲ ಎಂದು ಅಡಿಬರಹದಲ್ಲಿ ತಿಳಿಸುವುದು ನಾನು ಪಾಲಿಸುವ ಕ್ರಮ. ಆಗ ಮಟ್ಟಗಳ ಹೊರಗಿನ ಮೌಲ್ಯಗಳಿಗೆ ಎಕ್ಸ್‌ಟೆಂಡ್ ಕಡ್ಡಾಯವೆಂದು ಇಟ್ಟುಕೊಳ್ಳಬೇಕು.

ರೇಖೆಗಳ ರೂಪದ ವಿಷಯದಲ್ಲಿ ತಂತ್ರಾಂಶ ಉದಾರವಾಗಿದೆ. ಎಲ್ಲ ರೇಖೆಗಳಿಗೂ ಒಂದೇ ಬಣ್ಣ ಕೊಟ್ಟರೆ ಋಣ ಮೌಲ್ಯಗಳ ರೇಖೆಗಳು ತಾವಾಗಿಯೇ ತುಂಡುಗೆರೆಗಳಾಗುತ್ತವೆ. ಸರಾಸರಿಯಿಂದ ಆದ ಏರಿಳಿತವನ್ನು ತೋರಿಸುವ ನಕ್ಷೆಗಳಿಗೆ ಇದು ಬಹಳ ಅನುಕೂಲ. ಆದರೆ ಮೌಲ್ಯಕ್ಕೆ ತಕ್ಕಂತೆ ಬಣ್ಣ ಬದಲಿಸುವ ಕಲರ್‌ಮ್ಯಾಪ್‌ನಿಂದ ಬಣ್ಣ ಹಾಕಿದಾಗ ಈ ಸೌಲಭ್ಯ ಅನ್ವಯಿಸುವುದಿಲ್ಲ. ದಪ್ಪವನ್ನು ಪಟ್ಟಿಯಾಗಿ ಕೊಟ್ಟರೆ ಅದು ಮಟ್ಟಗಳ ಉದ್ದಕ್ಕೂ ಪುನರಾವರ್ತನೆಯಾಗುವುದರಿಂದ, ಒಂದು ದಪ್ಪ ಮತ್ತು ನಾಲ್ಕು ತೆಳು ಗೆರೆಗಳ ಪಟ್ಟಿಯಿಂದ ಭೂಪಟಗಳಲ್ಲಿರುವಂತೆ ಪ್ರತಿ ಐದನೆಯ ರೇಖೆಯನ್ನು ಎದ್ದು ಕಾಣಿಸಬಹುದು. ಆ ಪಟ್ಟಿ ಮೊದಲ ಮಟ್ಟದಿಂದಲೇ ಎಣಿಸತೊಡಗುತ್ತದೆ. ದಪ್ಪ ರೇಖೆ 100, 200, 300ರ ಮೇಲೆಯೇ ಬೀಳಬೇಕಾದರೆ ಮಟ್ಟಗಳ ಆರಂಭವೂ ಅಂತಹದೇ ಮೌಲ್ಯವಾಗಿರಬೇಕು.

ಅಂಕಿ ಬರೆಯುವ ಸಿ-ಲೇಬಲ್ (clabel) ಫಂಕ್ಷನ್ ಇಡೀ ವ್ಯವಸ್ಥೆಯ ದುರ್ಬಲ ಭಾಗವೆಂದು ನನ್ನ ಅಭಿಪ್ರಾಯ. ರೇಖೆ ಸಾಕಷ್ಟು ಉದ್ದವಿಲ್ಲದಿದ್ದರೆ ಅದು ಮೌನವಾಗಿ ಅಂಕಿಯನ್ನು ಕೈಬಿಡುತ್ತದೆ; ಒತ್ತಡದ ನಕ್ಷೆಯಲ್ಲಿ ಚಂಡಮಾರುತದ ಕೇಂದ್ರದ ಪುಟ್ಟ ವೃತ್ತಗಳಿಗೇ ಅಂಕಿ ಇಲ್ಲದಂತಾಗುವುದು ಹೀಗೆ, ಓದುಗರಿಗೆ ಮುಖ್ಯವಾಗಿ ಬೇಕಾದದ್ದೂ ಅದೇ. ಅಂಕಿಗಾಗಿ ರೇಖೆಯಲ್ಲಿ ಬಿಡುವ ಖಾಲಿ ಜಾಗವನ್ನು ಫಂಕ್ಷನ್ ಕರೆದ ಕ್ಷಣದ ಚಿತ್ರದ ಅಳತೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. ಹಾಗಾಗಿ ಚಿತ್ರದ ಗಾತ್ರ, ಅಕ್ಷಗಳ ಮಿತಿ, ಅಗಲ ಮತ್ತು ಎತ್ತರದ ಅನುಪಾತ ಎಲ್ಲವನ್ನೂ ನಿಗದಿಮಾಡಿದ ಮೇಲೆಯೇ, ಕಟ್ಟಕಡೆಯಲ್ಲಿ, ಅದನ್ನು ಕರೆಯಬೇಕು. ಸ್ವಯಂಚಾಲಿತ ಸ್ಥಾನಗಳು ಹಿಡಿಸದಿದ್ದರೆ ಮ್ಯಾನ್ಯುಯಲ್ ಆಯ್ಕೆಗೆ ಸ್ಥಾನಗಳ ಪಟ್ಟಿಯನ್ನು ನಾವೇ ಕೊಡಬಹುದು, ಅಥವಾ ಮೌಸ್‌ನಿಂದ ಬೇಕಾದಲ್ಲಿ ಕ್ಲಿಕ್ ಮಾಡಿ ಗುರುತಿಸಬಹುದು; ಪ್ರಕಟಣೆಗೆ ಹೋಗುವ ಚಿತ್ರಗಳಿಗೆ ನಾನು ಪಟ್ಟಿಯನ್ನೇ ಆಶ್ರಯಿಸುತ್ತೇನೆ, ಏಕೆಂದರೆ ಚಿತ್ರವನ್ನು ಮತ್ತೆ ರಚಿಸಿದಾಗಲೂ ಅಂಕಿಗಳು ಇದ್ದಲ್ಲೇ ಇರುತ್ತವೆ. ಗಾಢ ಬಣ್ಣಗಳ ಮೇಲೆ ಅಂಕಿ ಮಸುಕಾದರೆ ಅದರ ಸುತ್ತ ಬಿಳಿ ಅಂಚು ಕೊಡಲು ಪಾತ್ ಎಫೆಕ್ಟ್ಸ್ ಎಂಬ ಸೌಲಭ್ಯವಿದೆ.

ರೇಖೆ ಎಷ್ಟು ನಿಖರ ಎಂಬ ಪ್ರಶ್ನೆಗೆ ಉತ್ತರ ಗ್ರಿಡ್‌ನಲ್ಲಿ, ಅಂದರೆ ದತ್ತಾಂಶದ ಬಿಂದುಗಳು ಕೂತಿರುವ ಚೌಕಗಳ ಜಾಲದಲ್ಲಿದೆ. ಗ್ರಿಡ್‌ನ ಪ್ರತಿ ಚೌಕದ ಅಂಚಿನಲ್ಲಿ, ಎರಡು ತುದಿಗಳ ಮೌಲ್ಯಗಳ ನಡುವೆ ಮಟ್ಟ ಎಲ್ಲಿ ಬೀಳುತ್ತದೆಂದು ಸರಳ ಪ್ರಮಾಣದಿಂದ ಕಂಡುಹಿಡಿದು, ಆ ಬಿಂದುಗಳನ್ನು ನೇರ ಗೆರೆಗಳಿಂದ ಜೋಡಿಸಲಾಗುತ್ತದೆ. ಯಾವ ನಯಗೊಳಿಸುವಿಕೆಯೂ ಇಲ್ಲ. ಒರಟು ಗ್ರಿಡ್‌ನಲ್ಲಿ ರೇಖೆಗಳು ಮೂಲೆಮೂಲೆಯಾಗಿ ಕಾಣುವುದು ಇದರಿಂದಲೇ, ಮತ್ತು ಇದು ದೋಷವಲ್ಲ, ಪ್ರಾಮಾಣಿಕತೆ ಎಂದೇ ನಾನು ಪರಿಗಣಿಸುತ್ತೇನೆ. ಆದರೂ ಚೆಲುವಿಗಾಗಿ ಸೈಪೈ ಎಂಬ ವೈಜ್ಞಾನಿಕ ಲೈಬ್ರರಿಯ ಝೂಮ್ ಫಂಕ್ಷನ್‌ನಿಂದ ದತ್ತಾಂಶವನ್ನು ಹಿಗ್ಗಿಸುವವರಿದ್ದಾರೆ. ಅದು ಪೂರ್ವನಿಯೋಜಿತವಾಗಿ ಘನ ಸ್ಪ್ಲೈನ್ (ಬಿಂದುಗಳ ಮೂಲಕ ಹಾಯುವ ನಯವಾದ ವಕ್ರರೇಖೆ) ಬಳಸುವುದರಿಂದ, ಮೌಲ್ಯ ಥಟ್ಟನೆ ಬದಲಾಗುವ ಅಂಚುಗಳಲ್ಲಿ ನಿಜವಾದ ಮಿತಿಯನ್ನು ದಾಟಿ ಏರಿಳಿಯುತ್ತದೆ. ಮಳೆಯ ದತ್ತಾಂಶದಲ್ಲಿ ಸೊನ್ನೆಗಿಂತ ಕಡಿಮೆ ಮಳೆ ಹುಟ್ಟುವುದು ಹೀಗೆ. ಸುತ್ತಲಿನ ಮೌಲ್ಯಗಳ ತೂಕದ ಸರಾಸರಿ ತೆಗೆಯುವ ಗಾಸಿಯನ್ ಫಿಲ್ಟರ್‌ನಲ್ಲಿ ಆ ತೊಂದರೆಯಿಲ್ಲ, ಆದರೆ ಅದು ಶಿಖರಗಳನ್ನು ತಗ್ಗಿಸುತ್ತದೆ ಮತ್ತು ದತ್ತಾಂಶವಿಲ್ಲದ ಒಂದು ಬಿಂದುವಿದ್ದರೆ ಅದರ ಸುತ್ತಲಿನ ಬಿಂದುಗಳನ್ನೂ ಅಳಿಸಿಹಾಕುತ್ತದೆ. ಒತ್ತಡದಂತಹ ನಿಧಾನವಾಗಿ ಬದಲಾಗುವ ದತ್ತಾಂಶಕ್ಕೆ ಹಗುರವಾದ ಗಾಸಿಯನ್ ಒಪ್ಪಿಗೆಯಾಗಬಹುದು, ಮಳೆಗೆ ಬೇಡ.

ವೆಕ್ಟರ್ ರೂಪದ (ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ಆಕೃತಿಗಳಾಗಿ ಉಳಿಸುವ) ಕಡತಗಳಲ್ಲಿ ಹಳೆಯದೊಂದು ಕಾಟವಿದೆ. ಬಣ್ಣ ತುಂಬಿದ ನಕ್ಷೆಯನ್ನು ಪಿಡಿಎಫ್ ಆಗಿ ಉಳಿಸಿ ತೆರೆದರೆ, ಕೆಲವು ವೀಕ್ಷಕ ತಂತ್ರಾಂಶಗಳಲ್ಲಿ ಪಟ್ಟೆಗಳ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆಗಳು ಕಾಣಿಸುತ್ತವೆ. ಪ್ರತಿ ಪಟ್ಟೆಯ ಅಂಚಿಗೂ ಅದರ ಒಳಬಣ್ಣವನ್ನೇ ಕೊಟ್ಟರೆ ಅವು ಮಾಯವಾಗುತ್ತವೆ. ಪಾರದರ್ಶಕ ಬಣ್ಣ ಬಳಸಿದ್ದರೆ ಮಾತ್ರ ಅಂಚುಗಳು ಒಂದರ ಮೇಲೊಂದು ಬಿದ್ದು ಗಾಢ ಗೆರೆಗಳಾಗುತ್ತವೆ. ಹಿಂದೆ ಈ ಪರಿಹಾರಕ್ಕೆ ಕಲೆಕ್ಷನ್ಸ್ ಎಂಬ ಪಟ್ಟಿಯನ್ನು ಒಂದೊಂದಾಗಿ ದಾಟಬೇಕಿತ್ತು. 3.8ನೆಯ ಆವೃತ್ತಿಯಲ್ಲಿ ಇಡೀ ಕಾಂಟೂರ್ ಗುಂಪನ್ನೇ ಒಂದು ಘಟಕವಾಗಿಸಿದ್ದರಿಂದ ಈಗ ಒಂದೇ ಸಾಲು ಸಾಕು. ಹಳೆಯ ಪಟ್ಟಿ 3.10ರಲ್ಲಿ ಪೂರ್ತಿಯಾಗಿ ತೆಗೆದುಹಾಕಲ್ಪಟ್ಟಿದೆ, ಆದ್ದರಿಂದ ಹಳೆಯ ಸ್ಕ್ರಿಪ್ಟ್‌ಗಳನ್ನು ಹಾಗೆಯೇ ಓಡಿಸಿದರೆ ಅಲ್ಲಿ ನಿಂತುಬಿಡುತ್ತವೆ. ಬದಲಾವಣೆ ಒಳ್ಳೆಯದೇ, ಆದರೆ ಹಲವು ವರ್ಷಗಳ ಸ್ಕ್ರಿಪ್ಟ್‌ಗಳನ್ನು ಇಟ್ಟುಕೊಂಡವರು ಆವೃತ್ತಿ ಬದಲಿಸುವ ಮೊದಲು ಅವುಗಳಲ್ಲಿ ಆ ಪದವನ್ನು ಹುಡುಕಿನೋಡುವುದು ಕ್ಷೇಮ.

ಭೂಗೋಳದ ನಕ್ಷೆಗಳಿಗೆ ಕಾರ್ಟೋಪೈ ಎಂಬ ನಕ್ಷೆ ಲೈಬ್ರರಿಯ ಜೊತೆ ಬಳಸುವವರಿಗೆ ಒಂದು ಸೂಚನೆ: ರೇಖಾಂಶ 0ರಿಂದ ಆರಂಭವಾಗಿ 360ಕ್ಕೆ ಸ್ವಲ್ಪ ಮೊದಲೇ ಮುಗಿಯುವ ದತ್ತಾಂಶದಲ್ಲಿ ಕೊನೆಯ ಮತ್ತು ಮೊದಲ ಕಂಬಸಾಲುಗಳ ನಡುವೆ ಬಿಳಿ ಸೀಳು ಉಳಿಯುತ್ತದೆ, ಮೊದಲ ಸಾಲನ್ನೇ ಕೊನೆಗೆ ಇನ್ನೊಮ್ಮೆ ಸೇರಿಸುವ ಫಂಕ್ಷನ್ ಅಲ್ಲೇ ಸಿದ್ಧವಿದೆ. ಚೌಕಗಳ ಗ್ರಿಡ್ ಇಲ್ಲದೆ ಅಲ್ಲಲ್ಲಿ ಚದುರಿದ ಕೇಂದ್ರಗಳ ದತ್ತಾಂಶವಿದ್ದರೆ ಟ್ರೈಕಾಂಟೂರ್ ತ್ರಿಕೋನಗಳ ಮೂಲಕ ಅದೇ ಕೆಲಸ ಮಾಡುತ್ತದೆ, ಆದರೆ ಹೊರ ಅಂಚಿನಲ್ಲಿ ಉದ್ದುದ್ದ ಚಪ್ಪಟೆ ತ್ರಿಕೋನಗಳು ಹುಟ್ಟಿ ದೂರದ ಎರಡು ಕೇಂದ್ರಗಳ ನಡುವೆ ಇಲ್ಲದ ಸಂಬಂಧವನ್ನು ಚಿತ್ರಿಸುತ್ತವೆ. ಅಂತಹ ತ್ರಿಕೋನಗಳನ್ನು ಮರೆಮಾಚದೆ ಆ ನಕ್ಷೆಯನ್ನು ಯಾರಿಗೂ ತೋರಿಸಬಾರದು.

ಮೂರು ಆಯಾಮದ ದತ್ತಾಂಶದಲ್ಲಿ ಸಮಮೌಲ್ಯದ ಮೇಲ್ಮೈ ಬೇಕಾದವರಿಗೆ ಮ್ಯಾಟ್‌ಪ್ಲಾಟ್‌ಲಿಬ್ ಸೂಕ್ತವಲ್ಲ. ಆ ಕೆಲಸಕ್ಕೆ ನಾನು ಪ್ಯಾರಾವ್ಯೂ ಎಂಬ ಮೂರು ಆಯಾಮದ ಚಿತ್ರಣ ತಂತ್ರಾಂಶವನ್ನು ಬಳಸುತ್ತೇನೆ. ಅದರ ಕಾಂಟೂರ್ ಫಿಲ್ಟರ್ ಬಿಂದುಗಳಲ್ಲಿರುವ ಮೌಲ್ಯಗಳ ಮೇಲೆ ನಡೆಯುವುದರಿಂದ, ಗ್ರಿಡ್‌ನ ಕೋಶಗಳಲ್ಲಿರುವ ಮೌಲ್ಯಗಳನ್ನು ಮೊದಲು ಬಿಂದುಗಳಿಗೆ ಬದಲಾಯಿಸಬೇಕು, ಮತ್ತು ಆ ಬದಲಾವಣೆಯೇ ಒಂದು ಬಗೆಯ ಸರಾಸರಿಯಾದ್ದರಿಂದ ತೀಕ್ಷ್ಣ ಶಿಖರಗಳು ತುಸು ತಗ್ಗುತ್ತವೆ. ಮಟ್ಟಗಳ ಪಟ್ಟಿಯನ್ನು ಅಲ್ಲಿಯೂ ಕೈಯಿಂದಲೇ ತುಂಬುತ್ತೇನೆ, ಎರಡು ಆಯಾಮದ ನಕ್ಷೆಗೆ ಬಳಸಿದ ಅದೇ ಮೌಲ್ಯಗಳೊಂದಿಗೆ.