ಆರು ಜನರ ಟಿಕೆಟ್ ಒಂದೇ ಫೋನಿನಲ್ಲಿ ಇಡಬೇಡಿ

ಫ್ರೆಂಡ್ಸ್ ಜೊತೆ ದೊಡ್ಡ ಊರು ಸುತ್ತಲು ಹೊರಟವರು ಇದನ್ನೊಮ್ಮೆ ಓದಿಕೊಂಡು ಹೊರಡಿ. ಪರಿಚಯವಿಲ್ಲದ ಮಹಾನಗರದಲ್ಲಿ, ರಾತ್ರಿ ಏಳೂವರೆಗೆ, ಮೆಟ್ರೋ ಗೇಟಿನ ಹೊರಗೆ ನಾವು ನಾಲ್ವರು ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದೆವು. ಆರೂ ಜನರ ವಾಪಸ್ ಟಿಕೆಟ್ ಒಬ್ಬಳ ಫೋನಿನಲ್ಲಿ. ಆ ಫೋನ್ ಸ್ವಿಚ್ ಆಫ್.

ಎಡವಟ್ಟು ಶುರುವಾಗಿದ್ದು ಹಿಂದಿನ ರಾತ್ರಿಯೇ. ಮೆಟ್ರೋ ನಕ್ಷೆ ಹರಡಿಕೊಂಡು ಒಂದೇ ದಿನಕ್ಕೆ ಏಳು ಬಡಾವಣೆ ಗುರುತು ಹಾಕಿದ್ದೆವು. "ಇಲ್ಲಿಂದ ಅಲ್ಲಿಗೆ ಒಂದೇ ಸ್ಟೇಷನ್ ಕಣ್ರೇ, ನಡೆದೇ ಹೋಗೋಣ" ಅಂದವಳು ನಾನೇ. ಮೆಟ್ರೋ ನಕ್ಷೆ ನೋಡಿ ದೂರ ಅಳೆಯಬಾರದು ಅನ್ನುವುದು ಆಗ ಹೊಳೆಯಲಿಲ್ಲ. 1933ರಲ್ಲಿ ಲಂಡನ್ನಿನ ಮೆಟ್ರೋ ರೈಲಿಗೆ ಹ್ಯಾರಿ ಬೆಕ್ ಬರೆದ ನಕ್ಷೆ ಹೊರಬಂತಲ್ಲ, ಅದರ ಜಾಡಿನಲ್ಲೇ ಎಷ್ಟೋ ಊರಿನವರು ತಮ್ಮ ನಕ್ಷೆ ಮಾಡಿಕೊಂಡಿದ್ದಾರೆ. ನೇರ ಗೆರೆ, ಹೆಚ್ಚುಕಡಿಮೆ ಸಮ ಅಂತರ. ಯಾವುದಾದ ಮೇಲೆ ಯಾವ ಸ್ಟೇಷನ್ ಅಂತ ಗೊತ್ತಾಗುತ್ತದೆ, ದೂರ ಗೊತ್ತಾಗುವುದಿಲ್ಲ. ನನ್ನ 'ಒಂದೇ ಸ್ಟೇಷನ್' ಮೂರು ಕಿಲೋಮೀಟರ್ ಇತ್ತು. ಒಬ್ಬರೇ ಆದರೆ ಮುಕ್ಕಾಲು ಗಂಟೆಯ ನಡಿಗೆ. ಆರು ಜನ ಅಂದಮೇಲೆ ಒಬ್ಬಳಿಗೆ ಫೋಟೋ, ಇನ್ನೊಬ್ಬಳಿಗೆ ಚಪ್ಪಲಿ ಕಚ್ಚಿದ ಗಾಯ. ಮೂರನೇ ಬಡಾವಣೆ ಮುಗಿಯುವಷ್ಟರಲ್ಲಿ ಸಂಜೆ ಐದು.

ಟಿಕೆಟ್ ಇಟ್ಟುಕೊಂಡವಳೇ ದಾರಿಯನ್ನೂ ತೋರಿಸುತ್ತಿದ್ದಳು, ಫೋಟೋಗಳನ್ನೂ ತೆಗೆಯುತ್ತಿದ್ದಳು. ಜಿಪಿಎಸ್, ಡೇಟಾ, ಕ್ಯಾಮೆರಾ, ಬಿಸಿಲಿಗೆ ಪೂರ್ತಿ ಏರಿಸಿದ ಸ್ಕ್ರೀನ್ ಬೆಳಕು. ಬ್ಯಾಟರಿ 11 ಪರ್ಸೆಂಟ್. ಪವರ್ ಬ್ಯಾಂಕ್ ನನ್ನ ಚೀಲದಲ್ಲಿತ್ತು, ಕೇಬಲ್ ರೂಮಿನಲ್ಲಿ.

ಮಾರುಕಟ್ಟೆಯ ಜನಜಂಗುಳಿಯಲ್ಲಿ ಅವಳೂ ಇನ್ನೊಬ್ಬಳೂ ಯಾವುದೋ ಅಡ್ಡರಸ್ತೆಗೆ ಹೊರಳಿಬಿಟ್ಟರು. ಆ ಇನ್ನೊಬ್ಬಳ ಫೋನ್ ಮಧ್ಯಾಹ್ನವೇ ಸತ್ತಿತ್ತು. "ಎಲ್ಲಿದ್ದೀಯೇ?" ಅಂದರೆ "ಕೆಂಪು ಬೋರ್ಡ್ ಅಂಗಡಿ ಎದುರು" ಅಂದಳು. ಆ ಬೀದಿಯಲ್ಲಿ ಅರ್ಧಕ್ಕರ್ಧ ಬೋರ್ಡು ಕೆಂಪೇ! ಲೊಕೇಶನ್ ಕಳಿಸಿದಳು. ನೀಲಿ ಚುಕ್ಕೆ ಒಮ್ಮೆ ರಸ್ತೆಯ ಈಚೆ, ಒಮ್ಮೆ ಆಚೆ, ಒಮ್ಮೆ ಕಟ್ಟಡದ ಮಧ್ಯೆ. ಸುಮಾರು 20,000 ಕಿಲೋಮೀಟರ್ ಮೇಲಿನ ಉಪಗ್ರಹದ ಸಿಗ್ನಲ್ ಎತ್ತರದ ಗೋಡೆಗಳಿಗೆ ಬಡಿದು ಸುತ್ತಿ ಬಂದರೆ ಫೋನಿನ ಲೆಕ್ಕ ತಪ್ಪುತ್ತದೆ. ಹಾಗೆ ತಪ್ಪು ಕಟ್ಟಡಕ್ಕೆ ಎರಡು ಸುತ್ತು ಹಾಕಿದೆವು. ಅಷ್ಟರಲ್ಲಿ ಅವಳ ಫೋನ್ ಕೂಡ ಹೋಯಿತು.

ಬೆಳಿಗ್ಗೆಯೇ "ತಪ್ಪಿಸಿಕೊಂಡರೆ ಇಂಥ ಸ್ಟೇಷನ್ನಿನ ಇಂಥ ನಂಬರಿನ ಗೇಟು" ಅಂತ ಮಾತಾಡಿಕೊಂಡಿದ್ದರೆ ಇಷ್ಟೆಲ್ಲ ಇರಲಿಲ್ಲ. ಬರೀ ಸ್ಟೇಷನ್ ಹೆಸರು ಸಾಲದು, ದೊಡ್ಡ ಸ್ಟೇಷನ್ನಿಗೆ ಏಳೆಂಟು ಬಾಗಿಲು ಇರಬಹುದು. ಟಿಕೆಟ್ ಅವರವರ ಫೋನಿನಲ್ಲೇ ಇರಲಿ. ಸ್ಕ್ರೀನ್‌ಶಾಟ್ ನಂಬಬೇಡಿ, ಕೆಲವು ಕಡೆ ಕ್ಯೂಆರ್ ಕೋಡ್ ಆಗಾಗ ಬದಲಾಗುತ್ತಿರುತ್ತದೆ. ನಕ್ಷೆಯನ್ನು ಮೊದಲೇ ಆಫ್‌ಲೈನ್ ಇಳಿಸಿಕೊಳ್ಳಿ. ಏಳು ಬಡಾವಣೆಯ ಆಸೆ ಬಿಡಿ, ಎರಡೇ ಜಾಸ್ತಿ.

ಮುಖ್ಯವಾಗಿ, ಇಬ್ಬರ ನಂಬರಾದರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಟಿಕೆಟ್ ಇಟ್ಟುಕೊಂಡಿದ್ದವಳು ಅಂಗಡಿಯವರ ಫೋನ್ ಕೇಳಿ ಇಸಿದುಕೊಂಡಳಂತೆ. ಆದರೆ ನಮ್ಮ ಯಾರ ನಂಬರೂ ಬಾಯಿಗೆ ಬರಲಿಲ್ಲ. ಬಂದಿದ್ದು ಅಮ್ಮನದು ಮಾತ್ರ. ಎಂಟು ಗಂಟೆಗೆ ನನ್ನ ಫೋನ್ ರಿಂಗಾಯಿತು. ನೂರಾರು ಕಿಲೋಮೀಟರ್ ದೂರದ ಊರಿನಿಂದ ಅವಳ ಅಮ್ಮ.

"ಅವಳು ಮಾರುಕಟ್ಟೆಯ ಗಡಿಯಾರದ ಕೆಳಗೆ ನಿಂತಿದ್ದಾಳಂತೆ ಕಣಮ್ಮ. ಅಲ್ಲಾ, ನೀವೆಲ್ಲ ಒಟ್ಟಿಗೆ ಹೋಗಿದ್ರಿ ಅಲ್ವಾ?"